ಕಾರಿನೊಳಗೊಂದು ಷಡ್ಜ

ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಭರತೇಶನಿಗೆ ತಾನು ಕೊಂಡ ಹಳೆ ಕಾರಿನಲ್ಲಿ ಎಲ್ಲವೂ ಹಿಡಿಸಿತ್ತು, ಸ್ಪೀಕರಿನ ಕುಂಯ್ ಸದ್ದೊಂದನ್ನು ಬಿಟ್ಟು. ಹಾಡಿನ ಸೆಟ್ ಬದಲಾಯಿಸಿದ. ಸ್ಪೀಕರ್ ಬದಲಾಯಿಸಿದ. ಹೊಸ ಸ್ಪೀಕರಿನಲ್ಲಿ ಕುಂಯ್ ಇನ್ನೂ ಚೆನ್ನಾಗಿ ಕೇಳಿಸಿತು. ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಅವನ ತಾಯಿ ಜಿನಮ್ಮ ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು.

ಆವತ್ತು ಹೊಳೆನರಸೀಪುರದ ನೆಂಟರ ಮನೆಯಲ್ಲಿ ನಾಮಕರಣ. ತೊಟ್ಟಿಲ ಹಾಡು ಜಿನಮ್ಮನದೇ. ದಾರಿಯಲ್ಲಿ ಅಭ್ಯಾಸ ಮಾಡೋಣವೆಂದು ಸೆಟ್ಟಿನಲ್ಲಿ ತಂಬೂರಿ ಶ್ರುತಿ ಹಾಕಿಸಿದರು. ಭರತೇಶ್ ಲಾರಿ ಹಿಂದಿಕ್ಕಿದರೆ ಕುಂಯ್ ಮೇಲೇರುತ್ತಿತ್ತು, ಹಂಪ್ ಬಂದರೆ ಕೆಳಗಿಳಿಯುತ್ತಿತ್ತು. ಜಿನಮ್ಮನ ಗಂಟಲೂ ಅದರ ಹಿಂದೆಯೇ ಹೋಗುತ್ತಿತ್ತು.

"ಒಂದೇ ಸ್ಪೀಡಲ್ಲಿ ಓಡಿಸೋ!" ಗದರಿದರು.

"ಎಮ್ಮೆ ಅಡ್ಡ ಬಂತಮ್ಮ."

"ಎಮ್ಮೆಗೇನೋ ಶ್ರುತಿಜ್ಞಾನ ಇಲ್ಲ. ನಿನಗೆ?"

ಹೊಳೆನರಸೀಪುರ ಸೇರುವ ಮುಂಚೆಯೇ ದಾರಿಬದಿಯಲ್ಲಿ ದೇವರಾಜ್ ಎಂಬವನ ಆಟೋ ಎಲೆಕ್ಟ್ರಿಕ್ ಅಂಗಡಿ ಕಂಡದ್ದೇ ಭರತೇಶ್ ಕಾರು ಅತ್ತ ತಿರುಗಿಸಿದ.

"ಆಕ್ಸಿಲೇಟರ್ ಕೊಟ್ರೆ ಸೌಂಡ್ ಏರ್ತದಾ ಸಾ?" ಕುಂಯ್ ವಿಷಯ ತಿಳಿದ ದೇವರಾಜ್ ಕೇಳಿದ.

ಹಿಂದಿನ ಸೀಟಿನಿಂದ ಜಿನಮ್ಮ ಹೇಳಿದರು: "ಗಾಡಿ ನಿಂತಿದ್ದರೆ ಷಡ್ಜ. ಸ್ವಲ್ಪ ಒತ್ತಿದರೆ ಪಂಚಮ. ಜೋರಾಗಿ ಒತ್ತಿದರೆ ಮೇಲಿನ ಷಡ್ಜ. ಲೈಟ್ ಹಾಕಿದರೆ ದನಿ ದಪ್ಪ ಆಗುತ್ತೆ."

ದೇವರಾಜ್ ಬಾಯಿ ಬಿಟ್ಟುಕೊಂಡು ನೋಡಿದ. "ಇಂಗೆ ಬುಡಿಸಿ ಯೋಳೋರ್ನ ನಾನು ಕಂಡೇ ಇಲ್ಲ ಅಮ್ಮಾರೇ! ಇಂಜಿನ್ ಜತೆ ಏರ್ತದೆ ಅಂದ್ಮೇಲೆ ಇದು ಡೈನಮೋ ಸದ್ದು ಕಣಿ. ಅರ್ಥಿಂಗ್ ಸರೀಗಿಲ್ಲ."

ಸೆಟ್ ಈಚೆಗೆಳೆದು ಅದರ ಕರಿ ವೈರಿನ ಜಾಡು ಹಿಡಿದು ಹೋದ. ಅದನ್ನು ಬಣ್ಣ ಬಳಿದ ತಗಡಿನ ಮೇಲೆಯೇ ಸ್ಕ್ರೂ ಹಾಕಿ ಬಿಗಿದಿದ್ದರು. "ಬಣ್ಣದ ಮ್ಯಾಲೆ ಕೂರ್ಸವ್ರೆ. ಕರೆಂಟು ಎಲ್ಲಿಗೋದಾತು ಪಾಪ?" ಉಪ್ಪುಕಾಗದದಲ್ಲಿ ತಗಡು ಬೆಳ್ಳಗಾಗುವಂತೆ ಉಜ್ಜಿ, ವೈರು ಬಿಗಿದು, ಇಂಜಿನ್ ಚಾಲೂ ಮಾಡಿಸಿದ. ಕುಂಯ್ ಮಾಯ! ಭರತೇಶನಿಗೆ ಕುಣಿಯಬೇಕೆನಿಸಿತು.

"ಇನ್ನೊಂದಿದೆ," ಕಣ್ಣು ಮುಚ್ಚಿದ್ದ ಜಿನಮ್ಮ ಹೇಳಿದರು.

ಗಂಡಸರಿಬ್ಬರೂ ಸ್ಪೀಕರಿಗೆ ಕಿವಿ ಹಚ್ಚಿದರು. ಏನೂ ಇಲ್ಲ.

"ಸಣ್ಣದು. ಇಂಜಿನ್ ಜೊತೆ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಸೊಳ್ಳೆ ಥರ."

"ಅಮ್ಮಾ, ಬಾ ಹೋಗೋಣ," ಎಂದ ಭರತೇಶ್. ದೇವರಾಜ್ ಮಾತ್ರ ಯೋಚಿಸುತ್ತ ನಿಂತು, ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸಿದ್ದ ಮೊಬೈಲ್ ಚಾರ್ಜರನ್ನು ಪಟಕ್ಕನೆ ಕಿತ್ತ.

"ಹೋಯಿತು," ಜಿನಮ್ಮ ಕಣ್ಣು ಬಿಟ್ಟರು. "ಅದ್ಯಾರು ತಂದದ್ದು?"

ಬಸ್‌ಸ್ಟ್ಯಾಂಡಿನಲ್ಲಿ ತಾನೇ ಆರಿಸಿ ತಂದ ಚಾರ್ಜರನ್ನು ಭರತೇಶ್ ಮೆಲ್ಲನೆ ಜೇಬಿಗಿಳಿಸಿದ.

"ಅಮ್ಮಾರೇ, ತಪ್ಪು ತಿಳ್ಕಬ್ಯಾಡಿ," ದೇವರಾಜ್ ಕೈ ಒರೆಸಿಕೊಂಡ. "ರಿಪೇರಿಗೆ ಬಂದಿರೋ ಆ ಜೀಪಲ್ಲೂ ಒಂದು ಸದ್ದದೆ. ಮೂರು ದಿನದಿಂದ ಕೈಗೇ ಸಿಕ್ತಿಲ್ಲ. ಒಂಚೂರು ಕೇಳ್ಬುಡ್ತೀರಾ?"

ಜಿನಮ್ಮ ಆಗಲೇ ಸೆರಗು ಸಿಕ್ಕಿಸಿ ಜೀಪು ಹತ್ತುತ್ತಿದ್ದರು. ಅಷ್ಟರಲ್ಲಿ ನೆಂಟರ ಫೋನು ಬಂತು.

"ಎಲ್ಲರೂ ಕಾಯ್ತಾ ಇದ್ದಾರೆ. ಅಮ್ಮ ಎಲ್ಲಿ?"

"ಜೀಪಲ್ಲಿದ್ದಾರೆ," ಅಂದ ಭರತೇಶ್.

"ನೀವು ಕಾರಲ್ಲಿ ಅಲ್ವಾ ಹೊರಟಿದ್ದು?"

ಅವನು ಫೋನನ್ನು ಜೀಪಿನತ್ತ ಚಾಚಿದ. ಒಳಗಿಂದ ಜಿನಮ್ಮನ ದನಿ ಕೇಳಿಸಿತು: "ಇದು ಕರೆಂಟಿನದಲ್ಲಪ್ಪ, ಬಾಗಿಲ ಹತ್ತಿರ ಏನೋ ಸಡಿಲ. ಇದಕ್ಕೆ ಸ್ವರವೇ ಇಲ್ಲ!"