ಹತ್ತನೇ ವಾರದ ಹೆಬ್ಬೆಟ್ಟು

ಆ ಪುಸ್ತಕ ಬರೆದವರು ಯಾರೋ ಮುದ್ದಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವರನ್ನು ಒಂದು ದಿನ ಹಟ್ಟಿಗೆ ಕರೆಸಿ, ಇಪ್ಪತ್ತು ಕುರಿಮರಿಗಳನ್ನು ಒಂದೊಂದಾಗಿ ಹಿಡಿದು ತಾಯಿ ಮೊಲೆಗೆ ಬಿಡಲು ಹಚ್ಚಿ, ಆಮೇಲೆ "ಈಗ ಮಗೂನ ತೊಡೆ ಮೇಲೆ ಕೂರಿಸ್ಕಂಡು ಹಾಡು ಕೇಳ್ರಿ" ಎನ್ನುತ್ತಿದ್ದಳು.

ಪುಸ್ತಕದ ಹೆಸರು 'ಪೋಷಕರ ಕೈಪಿಡಿ'. ಎಪ್ಪತ್ತೇಳನೇ ಇಸವಿಯ ಚಳಿಗಾಲದಲ್ಲಿ ರೇಡಿಯೋದವರು ಮಕ್ಕಳಿಗೆಂದು 'ಗಿಲಕಿ ಗಾಡಿ' ಎನ್ನುವ ಹಾಡಿನ ಸರಣಿ ಶುರುಮಾಡಿದ್ದರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಒಟ್ಟು ಹನ್ನೆರಡು ವಾರ. ಗಾಡಿಯಲ್ಲಿ ಒಬ್ಬಳು ಅತ್ತೆ, ಗಾಡಿಗೆ ಮಾತಾಡುವ ಎತ್ತು. ಇಬ್ಬರೂ ಊರೂರು ತಿರುಗಿ ಹಾಡು ಕಲಿಸುತ್ತಿದ್ದರು. ಹಾಡು ಮಕ್ಕಳಿಗೆ, ಪುಸ್ತಕ ಹೆತ್ತವರಿಗೆ. ವಾರಕ್ಕೊಂದು ಪುಟ. ಮಗುವಿನ ಜೊತೆ ಕೂತು ಕೇಳಿದಿರಾ, ಚಪ್ಪಾಳೆ ತಟ್ಟಿದಿರಾ, ಹಾಡು ಕೇಳಿ ನಿಮಗೆ ಏನನ್ನಿಸಿತು ಎಂದು ಪ್ರಶ್ನೆ. ಕೆಳಗೆ ರುಜು ಅಥವಾ ಹೆಬ್ಬೆಟ್ಟು.

ಒಂಬತ್ತು ಗಂಟೆಗೇ ಕುರಿ ಬಿಡುವ ಹೊತ್ತು. ಅದು ಪುಸ್ತಕ ಬರೆದವರಿಗೆ ಯಾಕೆ ಗೊತ್ತಿರಬೇಕು?

ಆದರೂ ಮುದ್ದಕ್ಕ ಒಂಬತ್ತು ವಾರ ಬಿಡದೆ ಕೂತಿದ್ದಳು. ಮಗಳು ಕೆಂಚಿಗೆ ನಾಲ್ಕನೇ ಕ್ಲಾಸು ಮುಗಿಯುವುದರಲ್ಲಿತ್ತು. ಊರ ಶಾಲೆ ಇದ್ದದ್ದು ಅಲ್ಲಿವರೆಗೇ. ಐದಕ್ಕೆ ಹೊಳಲ್ಕೆರೆಯ ಹಾಸ್ಟೆಲ್ಲೇ ಗತಿ; ಹಾಸ್ಟೆಲಿಗೆ ಟೀಚರು ಅನ್ನಪೂರ್ಣಮ್ಮನ ಶಿಫಾರಸು ಕಾಗದ ಬೇಕು. ಅನ್ನಪೂರ್ಣಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಹನ್ನೆರಡೂ ಪುಟ ತುಂಬಿಸ್ಕೊಂಡು ಬಂದೋರಿಗೆ ಕಾಗದ. ಮನೇಲಿ ಆಸಕ್ತಿ ಇಲ್ದಿದ್ರೆ ಮಕ್ಕಳು ಮೂರು ತಿಂಗಳಿಗೆ ಹಾಸ್ಟೆಲ್ ಬಿಟ್ಟು ಓಡಿ ಬರ್ತವೆ. ನಾನು ಎಷ್ಟು ಜನಾನ ನೋಡಿಲ್ಲ."

ಗಂಡ ಯತ್ತಪ್ಪ ದೊಡ್ಡ ಮಂದೆ ಹೊಡೆದುಕೊಂಡು ಹಿರಿಯೂರು ಕಡೆಗೆ ಹೋಗಿದ್ದ. ಹೋಗುವಾಗ ಅವನೂ ಒಂದು ಮಾತು ಹೇಳಿದ್ದ: "ಹಾಸ್ಟೆಲ್ ಸಿಕ್ಕಿದ್ರೆ ಓದ್ಲಿ. ಇಲ್ದಿದ್ರೆ ಯುಗಾದಿ ಕಳದ ಮ್ಯಾಲೆ ಮರಿ ಹಿಂದೆ ಹೋಗ್ಲಿ."

ಹಟ್ಟಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಅದು ಪೂಜಾರಿ ಜುಂಜಯ್ಯನ ಸುಪರ್ದಿನಲ್ಲಿ ದೇವರ ಗುಡಿಯ ಪಡಸಾಲೆಯಲ್ಲಿತ್ತು. ಸೆಲ್ಲು ಸವೆಯುತ್ತದೆ ಎಂದು ಅವನು ಕೊನೇ ಹಾಡಿಗೆ ಮುಂಚೆಯೇ ಅದರ ಕಿವಿ ತಿರುಪಿ ಬಂದ್ ಮಾಡುತ್ತಿದ್ದ. ಮುದ್ದಕ್ಕ ಹೇಳಿದ್ದನ್ನು ಕೆಂಚಿ ಪುಸ್ತಕದಲ್ಲಿ ಬರೆಯುತ್ತಿದ್ದಳು.

"ಅವ್ವಾ, ಏನನ್ನಿಸ್ತು ಅಂತ ಕೇಳೈತೆ."

"ಮರಿ ಹೊಲಕ್ಕೆ ನುಗ್ಗಿದಾವೇನೋ ಅನ್ನಿಸ್ತು."

"ಹಂಗೆ ಬರಿಯಂಗಿಲ್ಲವ್ವ!"

"ಹಂಗಾದ್ರೆ ನನ್ನ ಯಾಕೆ ಕೇಳ್ತೀಯ? ಆ ಎತ್ತಿಗೇ ಕೇಳು, ಮಾತಾಡ್ತೈತಲ್ಲ."

ಕೆಂಚಿ 'ಸಂತೋಷವಾಯಿತು' ಎಂದು ಬರೆದಳು. ಒಂಬತ್ತು ವಾರವೂ ಮುದ್ದಕ್ಕನಿಗೆ ಸಂತೋಷವಾಗಿತ್ತು.

ಹತ್ತನೇ ವಾರದ ಶನಿವಾರ ಅವಳು ಹೊರಗಾದಳು. ಹೊರಗಾದ ಹೆಂಗಸು ಹಟ್ಟಿಯ ಮುಳ್ಳುಬೇಲಿಯಿಂದಾಚೆ ಹುಣಸೇಮರದ ಕೆಳಗೆ ಮೂರು ದಿನ ಇರಬೇಕು. ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳು ಮುಟ್ಟಿದ್ದು ತೊಳೆಯದೆ ಒಳಗೆ ಬರುವಂತಿಲ್ಲ. ಎಂದೂ ಇದರ ಬಗ್ಗೆ ತಲೆ ಕೆಡಿಸಿಕೊಳ್ಳದ ಮುದ್ದಕ್ಕನಿಗೆ ಈ ಸಲ ಮೈಯೆಲ್ಲ ಉರಿಯಿತು. ಭಾನುವಾರ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ಕೂಗಿದಳು.

"ಜುಂಜಯ್ಯ ಮಾವಾ! ರೇಡಿಯೋ ವಸಿ ಜೋರಾಗಿ ಇಡ್ರಿ. ಇಲ್ಲಿಂದ್ಲೇ ಕೇಳ್ಕಂತೀನಿ."

"ದೇವರ ಪಡಸಾಲೇಲಿ ಐತಮ್ಮ ಅದು. ಅದರ ಧ್ವನಿ ನಿನ್ನ ಮ್ಯಾಲೆ ಬಿದ್ದು ವಾಪಸ್ ಬಂದ್ರೆ?"

"ಬಿದ್ದು ವಾಪಸ್ ಬರಾಕೆ ಅದೇನು ಚೆಂಡಾ? ನನ್ನ ಮ್ಯಾಲಿಂದ ಗಾಳಿ ಬೀಸ್ತೈತಲ್ಲ ಹಟ್ಟಿಗೆ, ಅದನ್ನೂ ನಿಲ್ಲಿಸ್ರಿ ಮತ್ತೆ!"

ಜುಂಜಯ್ಯ ಜೋರು ಮಾಡಲಿಲ್ಲ. ಕೆಂಚಿ ಪಡಸಾಲೆಯಲ್ಲಿ ಒಂದು ಸಾಲು ಕೇಳುವುದು, ಬೇಲಿಗೆ ಓಡಿ ಬಂದು ಕೂಗುವುದು, ಮತ್ತೆ ಓಡುವುದು. ನಾಲ್ಕು ಸಾಲಿಗೆ ಏದುಸಿರು ಬಂತು. ಮುದ್ದಕ್ಕ ಆಚೆಯಿಂದ ಚಪ್ಪಾಳೆ ತಟ್ಟಿದಳು. ಪುಸ್ತಕ ತಟ್ಟು ಅಂದಿತ್ತಲ್ಲ, ತಟ್ಟಿದಳು. ನೋಡಿದವರು ಹಕ್ಕಿ ಓಡಿಸುತ್ತಿದ್ದಾಳೆ ಅಂದುಕೊಂಡರು.

ಇನ್ನು ಹೆಬ್ಬೆಟ್ಟು.

"ನಾನೇ ಒತ್ತಿಬಿಡ್ತೀನಿ ಕಣವ್ವ," ಎಂದಳು ಕೆಂಚಿ.

"ನಿನ್ನ ಬೆಟ್ಟು ಹುಣಸೇಬೀಜದಷ್ಟೈತೆ. ಆ ಟೀಚರಮ್ಮ ಪ್ರತಿ ಸೋಮವಾರ ಕಣ್ಣಿಗೆ ಹಿಡಕಂಡು ನೋಡ್ತಾಳೆ. ಎಸಿ ಇತ್ಲಾಗೆ."

ಪುಸ್ತಕವೂ ಮಸಿಡಬ್ಬಿಯೂ ಬೇಲಿಯ ಮೇಲಿಂದ ಹಾರಿ ಬಂದವು. ಮುದ್ದಕ್ಕ ಹೆಬ್ಬೆಟ್ಟು ಒತ್ತಿದ್ದಳೋ ಇಲ್ಲವೋ, ಜುಂಜಯ್ಯ ಬಂದು ನಿಂತಿದ್ದ.

"ಅದು ಒಳಗೆ ಬರಬೇಕಂದ್ರೆ ತೊಳೀಬೇಕು."

"ಕಾಗದ ತೊಳದ್ರೆ ಏನು ಉಳೀತೈತೆ ಮಾವ?"

"ಅದು ನನಗೆ ಗೊತ್ತಿಲ್ಲ. ಪದ್ಧತಿ ಹೇಳಿದೆ."

"ಒಳಗೆ ಬರಾದೇ ಬ್ಯಾಡ. ಇಲ್ಲಿಂದ ನೆಟ್ಟಗೆ ಇಸ್ಕೂಲಿಗೆ ಹೋಗ್ತೈತೆ."

ಅಷ್ಟಕ್ಕೆ ಮುಗಿಯಿತು ಎಂದುಕೊಂಡಳು. ಮುಗಿಯಲಿಲ್ಲ. ಸೋಮವಾರ ಅವಳೇ ಪುಸ್ತಕ ಹಿಡಿದು ಹೊರಟರೆ, ಹತ್ತು ಮಾರು ಹಿಂದೆ ಜುಂಜಯ್ಯನೂ ಹೊರಟ. ರಾತ್ರಿಯೆಲ್ಲ ಲೆಕ್ಕ ಹಾಕಿದ್ದನಂತೆ: ಪುಸ್ತಕ ಟೀಚರು ಮುಟ್ಟುತ್ತಾಳೆ, ಟೀಚರು ಮಕ್ಕಳ ಸ್ಲೇಟು ಮುಟ್ಟುತ್ತಾಳೆ, ಮಕ್ಕಳು ಹಟ್ಟಿಗೆ ಬರುತ್ತವೆ. ಅವನ ಮೊಮ್ಮಗ ಕಾಟಲಿಂಗನೂ ಅದೇ ಶಾಲೆಯಲ್ಲಿದ್ದ. ಕೆಂಚಿ ಇಬ್ಬರ ನಡುವೆ ಯಾರಿಗೂ ತಾಗದ ಹಾಗೆ ನಡೆದಳು.

ಅನ್ನಪೂರ್ಣಮ್ಮ ಚಿಕ್ಕಜಾಜೂರಿನಿಂದ ಆಗಷ್ಟೇ ನಡೆದು ಬಂದು ಬೀಗ ತೆಗೆಯುತ್ತಿದ್ದಳು. ಜುಂಜಯ್ಯ ಅಂಗಳದಿಂದಲೇ ಕೂಗಿದ.

"ಟೀಚರಮ್ಮಾ, ಆ ಪುಸ್ತಕ ಮುಟ್ಟಬ್ಯಾಡ್ರಿ! ಈಯಮ್ಮ ಹೊರಗಾಗ್ಯವಳೆ."

ಅನ್ನಪೂರ್ಣಮ್ಮ ಮುದ್ದಕ್ಕನನ್ನು ನೋಡಿದಳು, ಪುಸ್ತಕವನ್ನು ನೋಡಿದಳು. "ಜುಂಜಯ್ಯನವರೇ, ಅದಕ್ಕೇನೀಗ?"

"ಅಲ್ರೀ, ನೀವು ಮುಟ್ಟಿ ಆಮ್ಯಾಲೆ ನಮ್ಮ ಹುಡುಗರ ಸ್ಲೇಟು ಮುಟ್ಟಿದ್ರೆ..."

"ನನಗೂ ಇವತ್ತು ಎರಡನೇ ದಿನ," ಎಂದಳು ಅನ್ನಪೂರ್ಣಮ್ಮ. ಬೀಗವನ್ನು ಬಾಗಿಲಿಗೆ ಕುಕ್ಕಿದಳು. "ಎಂಟು ವರ್ಷ ಆಯ್ತು ಇಲ್ಲಿಗೆ ಬಂದು. ತಿಂಗಳಿಗೆ ಮೂರು ದಿನ ರಜೆ ಯಾರು ಕೊಡ್ತಾರೆ ನನಗೆ? ನೀವು ಕೊಡ್ತೀರಾ?"

ಜುಂಜಯ್ಯ ಮತ್ತೆ ಲೆಕ್ಕ ಹಾಕಿದ. ಎಂಟು ವರ್ಷ. ಕಾಟಲಿಂಗ ಸ್ಲೇಟಿನ ಚೀಲ ಹೊತ್ತು ಪಡಸಾಲೆಗೆ ಬಂದು ಎಷ್ಟು ಸಲ ಹಣ್ಣುಕಾಯಿ ಎತ್ತಿಕೊಂಡಿದ್ದಾನೋ. ಜುಂಜಯ್ಯ ಆಗಷ್ಟೇ ಬರುತ್ತಿದ್ದ ಹಟ್ಟಿಯ ಮಕ್ಕಳನ್ನು ಕುರಿ ತಿರುಗಿಸುವ ಹಾಗೆ ಕೋಲು ಅಡ್ಡ ಹಿಡಿದು ತಿರುಗಿಸಿದ. ಹನ್ನೊಂದು ಮಕ್ಕಳು ಬಂದ ದಾರಿಯಲ್ಲೇ ವಾಪಸ್ ಹೋದವು. "ಲೇ, ರಜಾ ಕಣ್ರೋ!" ಎಂದು ಯಾವುದೋ ಒಂದು ಕೂಗಿತು.

ಅನ್ನಪೂರ್ಣಮ್ಮ ಬಾಗಿಲಿಗೆ ಒರಗಿದಳು. "ನನ್ನ ಬಾಯಿಗಿಷ್ಟು ಬೀಗ ಹಾಕ್ಕೊಂಡಿದ್ರೆ ಆಗ್ತಿತ್ತು."

"ಆತು ಬಿಡ್ರಿ. ಈಗ ಕಾಗದ ಬರೀರಿ," ಎಂದಳು ಮುದ್ದಕ್ಕ.

"ಇನ್ನೂ ಎರಡು ವಾರ ಐತಲ್ಲಮ್ಮ."

"ರೇಡಿಯೋ ಯಾರ ಹತ್ರ ಐತೆ? ಇನ್ನು ನನ್ನ ಮಗಳನ್ನ ಅವನು ಆ ಪಡಸಾಲೆ ಮೆಟ್ಟಿಲು ಹತ್ತಿಸ್ತಾನಾ? ನೀವೇ ಯೋಚನೆ ಮಾಡ್ರಿ."

"ನಿಯಮ ಅಂದ್ರೆ ನಿಯಮ, ಮುದ್ದಕ್ಕ. ಒಬ್ಬರಿಗೆ ಬಿಟ್ರೆ..."

"ಜುಂಜಯ್ಯ ಮಾವನೂ ಹಿಂಗೇ ಅಂದ್ರು ನಿನ್ನೆ. ಏನು ಉಳೀತೈತೆ ಅಂದ್ರೆ ಗೊತ್ತಿಲ್ಲ, ಪದ್ಧತಿ ಅಂದ್ರು. ಒಂಬತ್ತು ವಾರ ಮರಿ ಬಿಟ್ಟು ಬಂದು ಕುಂತೀನಿ. ಒಂದು ವಾರ ಮುಳ್ಳಿನಾಚೆ ನಿಂತು ಚಪ್ಪಾಳೆ ಹೊಡದೀನಿ. ಇನ್ನೂ ನಮ್ಮನೇಲಿ ಆಸಕ್ತಿ ಇಲ್ಲ ಅಂದ್ರೆ, ಆಸಕ್ತಿ ಅಂದ್ರೆ ಏನು ಅಂತ ನೀವೇ ಹೇಳಿ."

ಅನ್ನಪೂರ್ಣಮ್ಮ ಸಿಟ್ಟಿನಿಂದ ಪುಸ್ತಕ ಕಸಿದುಕೊಂಡಳು. ಹನ್ನೊಂದನೇ ಪುಟ ತೆಗೆದಳು. 'ಮಗುವಿನ ಜೊತೆ ಕೂತು ಕೇಳಿದಿರಾ' ಎನ್ನುವಲ್ಲಿ 'ಹೌದು' ಎಂದು ಗೀಚಿದಳು. ಹನ್ನೆರಡನೇ ಪುಟದಲ್ಲೂ ಹಾಗೇ. ಇನ್ನೂ ಹಾಡದಿದ್ದ ಹಾಡುಗಳಿಗೆ ಇನ್ನೂ ಹೊಡೆಯದ ಚಪ್ಪಾಳೆ ಬಿತ್ತು.

"ಏನನ್ನಿಸಿತು ಅಂತ ಬರೀಲಿ?"

"ಸಾಕಾತು ಅಂತ ಬರೀರಿ."

ಅನ್ನಪೂರ್ಣಮ್ಮ ಅವಳ ಮುಖ ನೋಡಿ, ಹಾಗೇ ಬರೆದಳು. ಮುದ್ದಕ್ಕ ಎರಡು ಪುಟಕ್ಕೂ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಕಂಬಕ್ಕೆ ಒರೆಸಿದಳು. ಟೀಚರು ಒಳಗೆ ಹೋಗಿ ಕಾಗದ ಬರೆಯಲು ಕೂತಳು. ಪೆನ್ನು ಓಡುವ ಸದ್ದು ಹೊರಗೆ ಕೇಳುತ್ತಿತ್ತು.

"ಅವ್ವಾ," ಎಂದಳು ಕೆಂಚಿ ಮೆಲ್ಲಗೆ, "ನಾಳೆ ನೀನು ಒಳಗೆ ಬಂದಾಗ ಹಟ್ಟಿಯೋರು ಪಂಚಾಯ್ತಿ ಸೇರಿಸ್ತಾರಾ?"

"ಸೇರಿಸ್ತಾರೆ."

"ತಪ್ಪು ಅಂತ ದಂಡ ಹಾಕ್ತಾರಾ?"

"ಹಾಕ್ಲಿ. ನೀನು ಒಳಗೆ ಹೋಗಿ ಕುಂತ್ಕ, ಹೊತ್ತಾತು."

ಕೆಂಚಿ ಹೋಗಿ ಖಾಲಿ ಚಾಪೆಯ ನಡುವೆ ಒಬ್ಬಳೇ ಕೂತು ಸ್ಲೇಟು ತೆಗೆದಳು.