ಹನ್ನೆರಡು ಹಲಗೆ, ಒಂದು ಚಮಚ

ಒಲೆ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡಿ ಬಸ್ ಹತ್ತಿದ್ದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಕಾರ್ಖಾನೆಯಲ್ಲಿ ನಿನ್ನೆ ಚೀಟಿ ಅಂಟಿಸಿದ ಒಂದು ಹಲಗೆ ನೆನಪಾಯಿತು.

ನಮ್ಮ ಕಾರ್ಖಾನೆಯಲ್ಲಿ ವ್ಯಾನಿನ ಬಾಗಿಲೊಳಗೆ ಕೂರಿಸುವ, ಗುಂಡು ತಡೆಯುವ ಹಲಗೆಗಳನ್ನು ಮಾಡುತ್ತೇವೆ. ಹೊರಮುಖಕ್ಕೆ ಪಿಂಗಾಣಿ ಬಿಲ್ಲೆಗಳು, ಅವುಗಳ ಹಿಂದೆ ಒತ್ತಿ ಅಂಟಿಸಿದ ನಾರಿನ ಹಾಳೆಗಳು. ಬಂದೂಕಿನ ಗುಂಡಿನ ಮೊನೆ ಪಿಂಗಾಣಿಗೆ ಬಡಿದು ಒಡೆಯುತ್ತದೆ. ಪಿಂಗಾಣಿಯೂ ಒಡೆಯುತ್ತದೆ, ಅದರ ಕೆಲಸವೇ ಅದು. ಚೂರುಗಳನ್ನು ನಾರು ಬಲೆಯಂತೆ ಹಿಡಿದುಕೊಳ್ಳುತ್ತದೆ. ಹಲಗೆ ತಿರುಗುಮುರುಗಾದರೆ ಚೂಪು ಮೊನೆ ನಾರನ್ನು ಸೀಳಿಕೊಂಡು ಬರುತ್ತದೆ, ಬೆನ್ನಿಗೆ ಆಸರೆಯಿಲ್ಲದ ಪಿಂಗಾಣಿ ಒಳಗೆ ಕೂತವರ ಮೇಲೇ ಸಿಡಿಯುತ್ತದೆ. ಇಷ್ಟನ್ನು ಸಂಜೆ ಕಾಲೇಜಿನಲ್ಲಿ ಕಲಿತೆ. ಮೇಷ್ಟ್ರು ಅಂಕ ಕೊಟ್ಟದ್ದು ಕನಿಕರದಿಂದಲೋ ಏನೋ, ಇವತ್ತಿಗೂ ಗೊತ್ತಿಲ್ಲ.

ಎರಡೂ ಮುಖಕ್ಕೆ ಒಂದೇ ಕಪ್ಪು ಬಟ್ಟೆ ಹೊದಿಸುತ್ತೇವೆ. ಆಮೇಲೆ ಯಾವ ಕಡೆ ಯಾವುದೆಂದು ಹೇಳುವುದು ‘ಹೊರಮುಖ’ ಎಂಬ ಚೀಟಿ ಮಾತ್ರ. ಅದನ್ನು ಅಂಟಿಸುವವಳು ನಾನು. ಮೊನ್ನೆ ತರಗತಿಗೆ ಹೊತ್ತಾಯಿತೆಂದು ಒಂದು ಹಲಗೆಯನ್ನು ಹೊರಮುಖ ಮೇಲಾಗಿಸಿ, ಚೀಟಿಯಿಲ್ಲದೆ ಮೇಜಿನ ಮೇಲೆ ಬಿಟ್ಟು ಓಡಿದ್ದೆ. ನಿನ್ನೆ ಬಂದವಳೇ ಮೇಲಿದ್ದ ಮುಖಕ್ಕೆ ಚೀಟಿ ಒತ್ತಿಬಿಟ್ಟೆ. ನಡುವೆ ಗುಡಿಸುವಾಕೆ ಅದನ್ನು ಮಗುಚಿರಬಹುದಲ್ಲವೇ? ಅದೂ ಸೇರಿ ಹನ್ನೆರಡು ಹಲಗೆಗಳು ಇವತ್ತು ಹತ್ತು ಗಂಟೆಗೆ ಕಾವಲು ಪಡೆಯ ವ್ಯಾನಿಗೆ ಹೋಗುತ್ತವೆ. ಆ ವ್ಯಾನು ಓಡಿಸುವವರು ನನ್ನ ಗಂಡ.

ನಾನು ಕಾರ್ಖಾನೆ ಮುಟ್ಟಿದಾಗ ಮೇಸ್ತ್ರಿ ಹಲಗೆಗಳನ್ನು ಗಾಡಿಗೆ ಏರಿಸುತ್ತಿದ್ದರು.

“ಮೇಸ್ತ್ರಿಗಳೇ, ನಿಲ್ಸಿ. ಒಂದು ಚೀಟಿ ಉಲ್ಟಾ ಅಂಟಿಸಿರ್ಬೇಕು ನಾನು.”

“ಶುರುವಾಯ್ತು! ಕಾಲೇಜಮ್ಮಾ, ಹೋದ ವಾರ ಅಂಟು ಒಣಗಿಲ್ಲ ಅಂದೆ, ಒಣಗಿತ್ತು. ಅದರ ಹಿಂದಿನ ವಾರ ತಕ್ಕಡಿ ಸುಳ್ಳು ಹೇಳುತ್ತೆ ಅಂದೆ.”

“ಇವತ್ತೂ ನನ್ನ ಅನುಮಾನ ಸುಳ್ಳಾದ್ರೆ ದಿನವೆಲ್ಲ ಬೈಯಿರಿ. ಬಟ್ಟೆ ಬಿಚ್ಚೋದು ಬೇಡ, ಬಡಿದು ನೋಡಿದ್ರೆ ಸಾಕು.”

ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. “ಬಡಿ ಹೋಗು.”

ಬುತ್ತಿಯ ಚೀಲದಿಂದ ಚಮಚ ತೆಗೆದೆ. ಪಿಂಗಾಣಿಯ ಮುಖ ಬಟ್ಟೆಯಡಿಯಲ್ಲೂ ಟಣ್ ಎನ್ನುತ್ತದೆ, ನಾರಿನ ಮುಖ ದಪ್ ಎನ್ನುತ್ತದೆ. ನನ್ನ ಅನುಮಾನದ ಹಲಗೆಗೇ ಮೊದಲು, ಚೀಟಿಯಿದ್ದ ಮುಖಕ್ಕೆ ಬಡಿದೆ.

ಟಣ್.

“ನೋಡಿದ್ಯಾ!” ಎಂದು ಮೇಸ್ತ್ರಿ ಚಪ್ಪಾಳೆ ತಟ್ಟಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನನ್ನ ಕೈ ಕೇಳಲಿಲ್ಲ. ಟಣ್, ಟಣ್, ಟಣ್... ಒಂಬತ್ತನೆಯದು ದಪ್.

ಮತ್ತೆ ಬಡಿದೆ. ದಪ್ಪೇ. ಚೀಟಿ ಸೊಟ್ಟಗಿತ್ತು. ನಾನು ಅಳತೆಪಟ್ಟಿ ಇಟ್ಟು ಅಂಟಿಸುವವಳು. “ಇದು ನನ್ನ ಕೈಕೆಲಸ ಅಲ್ಲ,” ಎಂದೆ.

ಮೇಸ್ತ್ರಿ ಕಿವಿ ಕೆರೆದುಕೊಂಡರು. “ನಿನ್ನೆ ನೀನು ಊಟಕ್ಕೆ ಹೋದಾಗ... ಸ್ವಲ್ಪ ಕೈ ಜೋಡಿಸೋಣ ಅಂತ ಒಂದೇ ಒಂದು ಚೀಟಿ...”

ಗುಡಿಸುವಾಕೆ ಪೊರಕೆ ಎದೆಗವಚಿಕೊಂಡು ಬಿದ್ದು ಬಿದ್ದು ನಕ್ಕಳು. “ಅಕ್ಕನ ಅನುಮಾನ ಸರೀನೇ, ವಿಳಾಸ ಮಾತ್ರ ತಪ್ಪು!”

ಮೇಸ್ತ್ರಿಯೇ ಚೀಟಿ ಕಿತ್ತು ನನ್ನ ಕೈಗಿತ್ತರು. “ನೀನೇ ಅಂಟ್ಸು ತಾಯಿ. ಇವತ್ತು ಗುಂಡು ಹೊಡೆದು ನೋಡೋ ಪರೀಕ್ಷೆಗೆ ಇದೇ ಹೋಗ್ಲಿ. ಬಾಗಿಲಿಗೆ ಬೇರೆ ಒಂದು ಕೊಡೋಣ.”

ಪರೀಕ್ಷೆಯಲ್ಲಿ ಹಲಗೆಯ ಹಿಂದೆ ತೆಳ್ಳನೆಯ ಅಲ್ಯೂಮಿನಿಯಂ ತಗಡು ನಿಲ್ಲಿಸುತ್ತಾರೆ. ಗುಂಡು ಹಾರಿಸಿದ ಮೇಲೆ ಆ ತಗಡಿನಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಹಲಗೆ ನಪಾಸು. ಮೂರು ಗುಂಡು ಬಿದ್ದವು. ಪಿಂಗಾಣಿ ಪುಡಿಯಾಗಿತ್ತು, ನಾರು ಹಿಂದಕ್ಕೆ ಉಬ್ಬಿತ್ತು. ತಗಡನ್ನು ಬಿಸಿಲಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ, ಮತ್ತೆ ನೋಡಿದೆ. ಬೆಳಕಿಲ್ಲ.

“ಇನ್ನು ಸೂರ್ಯನ್ನೇ ಪರೀಕ್ಷೆ ಮಾಡ್ಬೇಕು ಇವಳು,” ಎಂದರು ಮೇಸ್ತ್ರಿ. ತಗಡನ್ನು ನನಗೇ ಕೊಟ್ಟರು.

ಸಂಜೆ ಮನೆಯಲ್ಲಿ ಅತ್ತೆ ಅದನ್ನು ಹಾಲಿನ ಪಾತ್ರೆಗೆ ಮುಚ್ಚಿ ಸಂಭ್ರಮಪಟ್ಟರು. “ಮೂರು ಗುಂಡು ತಡೆದ ಮುಚ್ಚಳ ಕಣೋ ಇದು!” ಎಂದು ಮಗನಿಗೆ ತೋರಿಸಿದರು.

ಸುಳ್ಳು ನಿಲ್ಲಬಾರದೆಂದು ನಾನು ಹೇಳಿದೆ: “ಅಲ್ಲ ಅತ್ತೆ, ಇದು ಏನೂ ತಡೆದಿಲ್ಲ. ಮುಂದಿದ್ದ ಹಲಗೆ ತಡೀತು. ಇದು ಹಿಂದೆ ಸುಮ್ಮನೆ ನಿಂತಿತ್ತು ಅಷ್ಟೇ.”

“ಸುಮ್ಮನೆ ನಿಂತು ಹೆಸರು ಹೊಡ್ಕೊಳ್ತಾ?” ಅತ್ತೆ ಮಗನತ್ತ ತಿರುಗಿದರು. “ಥೇಟ್ ನಿನ್ನ ಹಾಗೇ ಕಣೋ.”

ನನ್ನ ಗಂಡ ನಕ್ಕ ನಗುವಿಗೆ ಮುಚ್ಚಳ ಅದುರಿತು. ನಾನೂ ನಕ್ಕೆ. ಒಲೆ ಆರಿಸಿದ್ದೇನೆಯೇ ಎಂದು ಅವತ್ತು ಒಂದೇ ಸಲ ನೋಡಿದೆ.