ಉಪ್ಪು ಎನ್ನಬಾರದ ದಿನ

ಉಪ್ಪಿನ ರಾಶಿಯ ಮೇಲೆ ಒತ್ತಿದ ಮುದ್ರೆಯನ್ನು ಕಾಣದವರಿಗೆ ಅದನ್ನು ಹೀಗೆ ಹೇಳಬಹುದು: ಬೆಳ್ಳಗಿನ ಗುಡ್ಡವೊಂದರ ಮೈತುಂಬ, ಬುಡದಿಂದ ನೆತ್ತಿಯವರೆಗೆ, ಮರದ ಅಚ್ಚಿನಿಂದ ಒತ್ತಿ ಮೂಡಿಸಿದ ಸಣ್ಣ ಸಣ್ಣ ಮೀನುಗಳ ಸಾಲು. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಮೀನಿಗೂ ಒಂದು ನೆರಳು ಬರುತ್ತಿತ್ತು. ರಾಶಿಯಿಂದ ಯಾರಾದರೂ ಒಂದು ಬೊಗಸೆ ತೆಗೆದರೂ, ಅದರ ಮೇಲೆ ಕಾಲಿಟ್ಟರೂ ಸಾಲು ಒಡೆದು ದೂರದಿಂದಲೇ ಗೊತ್ತಾಗಿಬಿಡುತ್ತಿತ್ತು.

ನಮ್ಮೂರಿನ ಉಪ್ಪಿನ ಆಗರ ಅಳಿವೆಯ ಪಕ್ಕದಲ್ಲಿತ್ತು. ಸಮುದ್ರದ ನೀರನ್ನು ಗದ್ದೆಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ತಳದಲ್ಲಿ ಕೂತ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ಬಾಚಿ ಒಡ್ಡಿನ ಮೇಲೆ ರಾಶಿ ಮಾಡುವುದು ಹೆಂಗಸರ ಕೆಲಸ. ಗದ್ದೆಯೊಳಗೆ ದಿನವಿಡೀ ಉಪ್ಪು ತುಳಿಯುವವರೇ ಎಲ್ಲರೂ, ಅದಕ್ಕೆ ದೋಷವಿಲ್ಲ. ಆದರೆ ರಾಶಿಯಾಗಿ ಮುದ್ರೆ ಬಿದ್ದ ಮೇಲೆ ಅದು ಊಟದ ಎಲೆಗೆ ಹೋಗುವ ಉಪ್ಪು. ಮತ್ತೆ ಕಾಲು ತಾಗಿದರೆ ಅದು ತೆಂಗಿನ ಬುಡಕ್ಕೇ ಸೈ. ಮುದ್ರೆ ಒಡೆಯುವ ಹಕ್ಕು ಬಾಚಿದವಳದು, ಅವಳ ಗಂಡನದೂ ಅಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ರಜೆ ಬಂದರೆ ಅತ್ತಿಗೆ ತುಳಸುವಿನ ಜೊತೆ ಗದ್ದೆಗೆ ಇಳಿಯುತ್ತಿದ್ದೆ. ಅವಳ ರಾಶಿ ಸಾಲಿನ ನಟ್ಟನಡುವೆ ಇತ್ತು. ಎಲ್ಲಕ್ಕಿಂತ ಎತ್ತರದ್ದೂ ಅದೇ. ಆ ಬಗ್ಗೆ ಅವಳಿಗೆ ತುಸು ಜಂಭವೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಅಳಿವೆಯಾಚೆ ವಸತಿಗೃಹ ಕಟ್ಟಿಸಿದ ದಿನಕರ ಶೇಟರು ನಮ್ಮೂರಿನವರೇ. ತಮ್ಮ ಮಾಳಿಗೆಯಿಂದ ಈ ಬಿಳಿ ಸಾಲನ್ನು ದಿನಾ ನೋಡಿ ನೋಡಿ ಅವರಿಗೆ ಒಂದು ಯೋಚನೆ ಹೊಳೆಯಿತು. ದೊಡ್ಡ ಪಟ್ಟಣಗಳ ಗೋಡೆಗಳ ಮೇಲೆ ಭಿತ್ತಿಪತ್ರ ಹಚ್ಚಿಸಿದರು: ‘ವಿಮಾನ ಬೇಡ, ಪಾಸ್‌ಪೋರ್ಟ್ ಬೇಡ. ನಮ್ಮಲ್ಲೇ ಇದೆ ಹಿಮದ ದೇಶ.’ ಬಂದವರಿಗೆ ಬಾಡಿಗೆಗೆ ಉಣ್ಣೆಯ ಕೋಟು ಕೊಡುವ ಏರ್ಪಾಡೂ ಇತ್ತು. ಬೆನ್ನಿಗೆ ಅಂಟಿದ ರವಿಕೆ ಒಣಗಲು ಬಿಡದ ನಮ್ಮೂರಿನ ಸೆಕೆಯಲ್ಲಿ ಉಣ್ಣೆಯ ಕೋಟು! ಕೇಳಿ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಗರದ ಸಂಘದವರು ಮಾತ್ರ ನಗಲಿಲ್ಲ. ಬಾಚುವವರೆಲ್ಲ ಹೆಂಗಸರಾದರೂ ಸಂಘದಲ್ಲಿ ಕೂತವರೆಲ್ಲ ಗಂಡಸರು. ಆ ಸಲದ ಬೆಳೆಯನ್ನು ಅವರು ಪೇಟೆಯ ಅಂಗಡಿಗಳಿಗೆ ಕೊಡದೆ ಇಡಿಯಾಗಿ ಶೇಟರಿಗೆ ಒಪ್ಪಿಸಿಬಿಟ್ಟರು.

ಶೇಟರ ಷರತ್ತುಗಳು ಇನ್ನೂ ಚೆಂದ. ಉಪ್ಪು ಕರಗದಂತೆ ಪ್ರತಿ ವರ್ಷ ರಾಶಿಗಳಿಗೆ ಹೊದಿಸುವ ಹೆಣೆದ ತೆಂಗಿನ ಮಡಲನ್ನು ಹೊದಿಸಬಾರದು. ಬಂದವರು ಹತ್ತಿದರೆ, ಜಾರಿದರೆ, ಹೊರಳಾಡಿದರೆ ತಡೆಯಬಾರದು. ಹೆಂಗಸರು ಬಿಳಿ ಸೀರೆ ಉಟ್ಟು ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅತಿಥಿಗಳ ಎದುರು ಯಾರ ಬಾಯಲ್ಲೂ ಉಪ್ಪು ಎಂಬ ಮಾತು ಬರಕೂಡದು. ಹಿಮ ಎನ್ನಬೇಕು. ಒಪ್ಪದವರ ಗದ್ದೆಯನ್ನು ಮರುವರ್ಷ ಬೇರೆಯವರಿಗೆ ಕೊಡುವುದೆಂದು ಸಂಘ ಸಾರಿತು.

ಒಬ್ಬೊಬ್ಬರೇ ಒಪ್ಪಿಕೊಂಡರು. ಅತ್ತಿಗೆಯ ಪಕ್ಕದ ರಾಶಿಯ ಮಾದೇವಿಯೂ ಒಪ್ಪಿದಳು. ಆ ಗದ್ದೆ ಬಿಟ್ಟರೆ ಅವಳಿಗೆ ಗತಿಯಿರಲಿಲ್ಲ. ನಮಗಾದರೂ ಬೇರೇನಿತ್ತು? ಅಣ್ಣ ತೀರಿಹೋದ ಮೇಲೆ ಅತ್ತಿಗೆ ತಲೆಯೆತ್ತಿ ಬದುಕಿದ್ದು ಆ ಗದ್ದೆಯ ಮೇಲೆ. ಆದರೂ ಸಂಘದ ಕಟ್ಟೆಯೆದುರು ನಿಂತು ಅವಳು ಕೇಳಿದ್ದು ಒಂದೇ ಮಾತು.

“ಬಾಚಿದ್ದು ನಾನು. ನನ್ನ ರಾಶಿಗೆ ಹೆಸರಿಡೂಕೆ ಇವ್ರು ಯಾರು?”

ಉದ್ಘಾಟನೆಯ ದಿನ ಬೆಳಕು ಹರಿಯುವಾಗಲೇ ನಾವಿಬ್ಬರೂ ಹೋಗಿ ರಾಶಿಗೆ ಮಡಲು ಹೊದಿಸಿದೆವು. ಅದು ಇಬ್ಬರ ಕೆಲಸ. ಆ ಕೊನೆ ಒಬ್ಬರು, ಈ ಕೊನೆ ಒಬ್ಬರು ಹಿಡಿದು ಏರಿಸಬೇಕು. ಪ್ರತಿ ವರ್ಷ ಅತ್ತಿಗೆಗೆ ಜೊತೆಯಾಗುತ್ತಿದ್ದವಳು ಮಾದೇವಿ. ಅಂದು ಅವಳು ಬಿಳಿ ಸೀರೆಯುಟ್ಟು ತನ್ನ ರಾಶಿಯ ಬಳಿ ನಿಂತಿದ್ದಳು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅತ್ತಿಗೆ ಮಾತ್ರ ಅವಳನ್ನು ಒಂದು ಮಾತೂ ಅನ್ನಗೊಡಲಿಲ್ಲ.

ಬಸ್ಸುಗಳು ಬಂದವು. ಕೋಟು ತೊಟ್ಟ ಜನ ಹೋ ಎಂದು ರಾಶಿಗಳ ಮೇಲೆ ಬಿದ್ದರು. ನೋಡನೋಡುತ್ತಿದ್ದಂತೆ ಮೀನುಗಳ ಸಾಲುಗಳು ಬೂಟಿನ ಅಡಿ ಪುಡಿಯಾದವು. ಒಬ್ಬರಿಗೊಬ್ಬರು ಮುಷ್ಟಿ ತುಂಬಿ ಎರಚಿಕೊಂಡರು. ಕಣ್ಣಿಗೆ ಬಿದ್ದವರು ಬೊಬ್ಬೆಯಿಟ್ಟು ನೀರಿಗಾಗಿ ಓಡಿದರು. ಬೆವರಿಳಿಸುತ್ತಲೇ ಚಳಿಯಾದವರಂತೆ ಕೈ ಉಜ್ಜಿಕೊಂಡು ಫೋಟೊ ತೆಗೆಸಿಕೊಂಡರು. ಮಡಲು ಹೊದ್ದ ನಡುವಿನ ಕಪ್ಪು ಗುಪ್ಪೆ ಏನೆಂದು ಯಾರೋ ಕೇಳಿದಾಗ, ಊರು ತೋರಿಸಲು ಶೇಟರು ಇಟ್ಟುಕೊಂಡಿದ್ದ ಮನುಷ್ಯ ಒಂದು ಕ್ಷಣ ತಡವರಿಸಿ, ಅದು ಹಿಮಕರಡಿಯ ಗವಿ ಎಂದುಬಿಟ್ಟ. ಗವಿಯ ಬಾಯಲ್ಲಿ ಅತ್ತಿಗೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಜನ ಅವಳಿಂದ ತುಸು ದೂರವೇ ನಿಂತರು.

ಊಟದ ಹೊತ್ತಿಗೆ ಶಂಭಟ್ಟರು ಖಾಲಿ ಬುಟ್ಟಿ ಹಿಡಿದು ಒಡ್ಡಿನ ಮೇಲೆ ಬಂದರು. ನಮ್ಮ ಸೀಮೆಯ ಯಾವ ದೊಡ್ಡ ಊಟವಾದರೂ ಅವರದೇ ಅಡುಗೆ, ಅಂದಿನದೂ ಅವರದೇ. ಮನೆಯಿಂದ ತಂದ ಚೂರು ಉಪ್ಪು ಅಡುಗೆಗೇ ಮುಗಿಯಿತು, ಎಲೆ ಹಾಕಿಯಾಗಿದೆ, ಮೊದಲು ಬಡಿಸಬೇಕಾದ ಉಪ್ಪೇ ಇಲ್ಲ ಎಂದರು. ಊರಿಗೆಲ್ಲ ಉಪ್ಪು ಹೋಗುವುದು ಆಗರದಿಂದ. ಹೊಸ ಬೆಳೆ ಶೇಟರ ಪಾಲಾದ್ದರಿಂದ ಅಂಗಡಿಗಳಲ್ಲಿ ಹಳೆಯದು ಮುಗಿದು ಡಬ್ಬಗಳು ಬರಿದಾಗಿದ್ದವು. ಬೆಟ್ಟದಷ್ಟು ಉಪ್ಪು ಕಣ್ಣೆದುರಿಗಿದ್ದ ಶೇಟರಿಗೆ ಅಡುಗೆಮನೆಗೆ ಉಪ್ಪು ಬೇಕೆಂಬುದೇ ಮರೆತುಹೋಗಿತ್ತು! ಯಾವುದಾದರೂ ರಾಶಿಯಿಂದ ತುಂಬಿಕೊಳ್ಳಿ ಎಂದು ಅವರು ಹೇಳಿದರಂತೆ. ಬೂಟುಗಾಲು ತಾಗಿದ್ದನ್ನು ಎಲೆಗೆ ಬಡಿಸಲಾರೆ, ಬೇಕಿದ್ದರೆ ಸೌಟು ಕೆಳಗಿಡುತ್ತೇನೆ ಎಂದು ಭಟ್ಟರು ಇತ್ತ ಬಂದಿದ್ದರು.

ಅತ್ತಿಗೆ ಬಾಯಲ್ಲಿದ್ದುದನ್ನು ಉಗಿದು ಬಂದು, ಸೆರಗು ಬಿಗಿದು ನಿಂತಳು.

“ಕೊಡೂದಿಲ್ಲ ಅಂತ ಹೇಳೂದಿಲ್ಲ ಭಟ್ರೇ. ಬೇಕಾದವ್ರು ತಾವೇ ಬರ್ಲಿ. ಕಾಲಿನದು ಕಳಚಿಟ್ಟು, ಬೇಕಾದ್ದರ ಹೆಸ್ರು ಹೇಳಿ ಕೇಳ್ಲಿ.”

ಭಟ್ಟರು ಅವಳ ಮುಖವನ್ನೊಮ್ಮೆ ನೋಡಿದರು. ಬುಟ್ಟಿಯನ್ನು ಅಲ್ಲೇ ಇಟ್ಟು ಹೋದರು.

ಶೇಟರು ದಾಪುಗಾಲು ಹಾಕುತ್ತ ಬಂದರು. ಏನೋ ವಿಶೇಷವಿದೆಯೆಂದು ಅತಿಥಿಗಳೂ ಹಿಂದೆಯೇ ಬಂದರು. ಅದೇ ಶೇಟರಿಗೆ ಇಕ್ಕಟ್ಟಾಯಿತು. ದನಿ ತಗ್ಗಿಸಿ, ಜನ ಹಸಿದಿದ್ದಾರೆ, ಒಂದು ಬುಟ್ಟಿ ಕೊಟ್ಟುಬಿಡು ಎಂದರು. ಏನನ್ನು ಎಂದು ಅತ್ತಿಗೆ ಕೇಳಿದಳು. ಅವರು ಹಲ್ಲು ಕಚ್ಚಿ, ಗದ್ದೆಯ ವಿಷಯ ನೆನಪಿರಲಿ ಎಂದರು.

“ಗದ್ದೆ ತೆಕ್ಕೊಳ್ಳಿ. ಅದು ಬರೂ ವರ್ಷದ ಮಾತು. ಇವತ್ತು ಎಲೆ ಮೇಲೆ ಎಂತದು ಬೇಕು, ಅದನ್ನ ಹೇಳಿ.”

ಗದ್ದೆ ಹೋದರೆ ಹೋಗಲಿ, ಇವಳು ಮಾತ್ರ ಸೋಲುವುದು ಬೇಡ ಎಂದು ನಾನು ಅಂದುಕೊಂಡದ್ದು ಆಗಲೇ. ಶೇಟರು ಬೂಟು ಕಳಚಿದರು. ಕಾದ ಒಡ್ಡಿನ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ತುಟಿ ಮಾತ್ರ ಆಡಿಸಿದರು. ಹಿಂದಿದ್ದವರಿಗೆ ಕೇಳಲಿಲ್ಲವೆಂದು ಅತ್ತಿಗೆ ಅಂದಳು.

“ಉಪ್ಪು,” ಎಂದರು ಶೇಟರು, ಈ ಸಲ ಗಟ್ಟಿಯಾಗಿ. “ಉಪ್ಪು ಬೇಕು ತುಳಸು. ಒಂದು ಬುಟ್ಟಿ ಉಪ್ಪು.”

ಕೋಟಿನವರಲ್ಲಿ ಗುಜುಗುಜು ಎದ್ದಿತು. ಒಬ್ಬರು ತಮ್ಮ ತೋಳಿನ ಮೇಲಿನ ಬಿಳಿ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು ಪಕ್ಕದವರ ಮುಖ ನೋಡಿದರು. ಅತ್ತಿಗೆ ಮಡಲು ಸರಿಸಿದಳು. ಆಗರದಲ್ಲೆಲ್ಲ ಅಂದು ಒಡೆಯದೆ ಉಳಿದಿದ್ದ ಮೀನುಗಳು ಅವಳ ರಾಶಿಯ ಮೇಲಿನವು ಮಾತ್ರ. ಅವಳು ಅಂಗೈಯನ್ನು ರಾಶಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಮುದ್ರೆ ಒಡೆದಳು, ಬುಟ್ಟಿ ತುಂಬಿ ಶೇಟರ ಕೈಗೇ ಕೊಟ್ಟಳು. ಹೇಗೂ ಗುಟ್ಟು ಬಯಲಾಯಿತು, ಇನ್ನು ಆ ಮಡಲನ್ನಾದರೂ ತೆಗೆ ಎಂದರು ಅವರು. ಇದು ಉಪ್ಪು ಎಂದು ನೀವೇ ಹೇಳಿದಿರಲ್ಲ, ಮುಚ್ಚದೆ ಇಡುವುದು ಹೇಗೆ ಎಂದು ಅವಳು ಮಡಲಿನ ಕೊನೆಯನ್ನು ನನ್ನತ್ತ ಚಾಚಿದಳು.

ಆಗ ಮಾದೇವಿಯ ದನಿ ಕೇಳಿಸಿತು. ಅವಳ ರಾಶಿಯ ನೆತ್ತಿಯಲ್ಲಿ ದಪ್ಪ ಕೋಟಿನ ಗಂಡಸೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಇಳೀರಿ. ನಾನು ಮುಚ್ಚಬೇಕು.”

ಇಷ್ಟು ಜನ ತುಳಿದ ಮೇಲೆ ಇನ್ನೇನು ಮುಚ್ಚುತ್ತೀ ಎಂದು ಶೇಟರು ಬುಟ್ಟಿ ಹೊತ್ತುಕೊಂಡೇ ಗದರಿದರು. ಅವಳು ಆಗಲೇ ಒಡ್ಡಿನ ಮೂಲೆಯಿಂದ ಮಡಲು ಎಳೆದು ತರುತ್ತಿದ್ದಳು. ಬಿಳಿ ಸೀರೆ ಕೆಸರಾಗಿತ್ತು.

“ತುಳಿದ್ರೂ ಉಪ್ಪೇ,” ಎಂದಳು ಮಾದೇವಿ.

ಅತ್ತಿಗೆ ನಮ್ಮ ಮಡಲನ್ನು ನನ್ನ ಕೈಯಲ್ಲೇ ಬಿಟ್ಟು, ಅವಳ ಮಡಲಿನ ಇನ್ನೊಂದು ಕೊನೆಯನ್ನು ಹಿಡಿಯಲು ಹೋದಳು. ಇಬ್ಬರೂ ಎರಡು ಕಡೆ ನಿಂತು ಕಾದರು. ಕೋಟಿನ ಮನುಷ್ಯ ಸುತ್ತ ನೋಡಿ, ಬೂಟು ಕಳಚಿ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಮೆಲ್ಲಗೆ ಕೆಳಗಿಳಿಯತೊಡಗಿದ.